ಉಳಿಸಿದ ನೀರು ಎಲ್ಲಿಗೆ ಹೋಯಿತು? ನೀರಿನ ಸಂಶೋಧನೆ ಓದಲು, ನಿಮ್ಮದೇ ಪ್ರಶ್ನೆ ಹುಡುಕಲು ಒಂದು ಮಾರ್ಗದರ್ಶಿ

ನೀರಿನ ಸುಸ್ಥಿರ ನಿರ್ವಹಣೆ ಬಗ್ಗೆ ಈಗ ಏನೇನು ಸಂಶೋಧನೆ ನಡೆಯುತ್ತಿದೆ ಅಂತ ಹುಡುಕಲು ಕೂತರೆ ಅರ್ಧ ಗಂಟೆಯಲ್ಲೇ ತಲೆ ತಿರುಗುತ್ತದೆ. ಉಪಗ್ರಹದ ಡೇಟಾ, ಮಷೀನ್ ಲರ್ನಿಂಗ್, ಕೊಳಚೆ ನೀರಿನ ಮರುಬಳಕೆ, ಅಂತರ್ಜಲ ಮರುಪೂರಣ, ಹನಿ ನೀರಾವರಿ, ಸಮುದಾಯದ ಆಡಳಿತ. ಒಂದೊಂದರಲ್ಲೂ ನೂರಾರು ಸಂಶೋಧನಾ ಪೇಪರ್‌ಗಳು. ಓದುತ್ತಾ ಹೋದರೆ ಎಲ್ಲವೂ ಸರಿ ಅನ್ನಿಸುತ್ತದೆ, ಆದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ವಿದ್ಯಾರ್ಥಿಗಳಿಗೂ, ನೀರಿನ ಕೆಲಸದಲ್ಲಿದ್ದು ಹೊಸದನ್ನು ತಿಳಿಯಬೇಕು ಅನ್ನುವವರಿಗೂ ತೊಡಕಾಗುವುದು ಇಲ್ಲೇ.

ನಾನು ಹೇಳುವ ದಾರಿಗೆ ಒಂದೇ ಪ್ರಶ್ನೆ ಆಧಾರ. ಉಳಿಸಿದೆವು ಅನ್ನುವ ನೀರು ಕೊನೆಗೆ ಎಲ್ಲಿಗೆ ಹೋಯಿತು? ಯಾವ ಹೊಸ ತಂತ್ರ ಬಂದರೂ, ಯಾವ ಪೇಪರ್ ಕೈಗೆ ಸಿಕ್ಕರೂ ಇದನ್ನು ಕೇಳಿ. ಉತ್ತರ ಸಿಕ್ಕರೆ ಆ ಸಂಶೋಧನೆ ನಿಮಗೆ ಅರ್ಥವಾಗಿದೆ. ಸಿಗದಿದ್ದರೆ ಅಲ್ಲೇ ನಿಮಗೊಂದು ಸಂಶೋಧನೆಯ ವಿಷಯ ಕಾಯುತ್ತಿರಬಹುದು.

1. ಮೊದಲು ಗಡಿ ಹಾಕಿ, ಆಮೇಲೆ ಲೆಕ್ಕ ಮಾಡಿ

ನೀರಿನ ಲೆಕ್ಕವೂ ಮನೆಯ ಜಮಾ-ಖರ್ಚಿನ ಹಾಗೆಯೇ. ಒಂದು ಜಾಗದ ಸುತ್ತ ಗಡಿ ಹಾಕಿಕೊಳ್ಳಿ. ಗಡಿಯೊಳಗೆ ಬರುವ ಮಳೆ, ಹೊರಗಿನಿಂದ ಹರಿದು ಬರುವ ನೀರು ಜಮಾ. ಆವಿಯಾಗಿ ಹೋಗುವುದು, ಗಡಿ ದಾಟಿ ಹರಿದು ಹೋಗುವುದು ಖರ್ಚು. ಇವೆರಡರ ನಡುವಿನ ವ್ಯತ್ಯಾಸ ಮಣ್ಣಿನಲ್ಲಿ, ಕೆರೆಯಲ್ಲಿ, ನೆಲದಡಿಯಲ್ಲಿ ಕೂಡುತ್ತದೆ, ಇಲ್ಲವೇ ಅಲ್ಲಿಂದ ಕಳೆಯುತ್ತದೆ. ಇಷ್ಟೇ. ಯಾವ ದೊಡ್ಡ ಕಂಪ್ಯೂಟರ್ ಮಾಡೆಲ್ ಆದರೂ ಈ ಲೆಕ್ಕವನ್ನು ಮೀರುವ ಹಾಗಿಲ್ಲ.

ಒಂದು ಅಂಕಿಯನ್ನು ಬಾಯಿಪಾಠ ಮಾಡಿಕೊಳ್ಳಿ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10 ಘನ ಮೀಟರ್, ಅಂದರೆ 10,000 ಲೀಟರ್. ಇದು ಗೊತ್ತಿದ್ದರೆ ಮಿಲಿಮೀಟರ್‌ನಲ್ಲಿ ಬರೆದ ಪೇಪರ್ ಮತ್ತು ಲೀಟರ್‌ನಲ್ಲಿ ಬರೆದ ವರದಿಯನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಈಗ ಒಂದು ಉದಾಹರಣೆ, ಅಂಕಿಗಳು ನಾನೇ ಹಾಕಿಕೊಂಡವು. ಒಂದು ಸಣ್ಣ ಜಲಾನಯನ ಪ್ರದೇಶ, ಅಂದರೆ ಬಿದ್ದ ಮಳೆ ಹರಿದು ಒಂದೇ ಹಳ್ಳಕ್ಕೆ ಸೇರುವ ಜಾಗ. ಅಲ್ಲಿ ವರ್ಷಕ್ಕೆ 800 ಮಿ.ಮೀ. ಮಳೆ. ಬೆಳೆ, ಮರ, ಮಣ್ಣಿನಿಂದ ಆವಿಯಾಗುವುದು 650. ಹಳ್ಳದಲ್ಲಿ ಹರಿದು ಹೊರಗೆ ಹೋಗುವುದು 200. ಒಟ್ಟು ಖರ್ಚು 850. ಮಳೆಗಿಂತ 50 ಜಾಸ್ತಿ! ಆ 50 ಮಿ.ಮೀ. ಬಂದಿದ್ದು ನೆಲದಡಿಯ ಗಂಟಿನಿಂದ.

50 ಮಿ.ಮೀ. ಅಂದರೆ ಬೆರಳಿನಷ್ಟೂ ಎತ್ತರ ಇಲ್ಲ, ಅದರಿಂದೇನು ಅನ್ನಬೇಡಿ. ನೆಲದಡಿ ನೀರು ನಿಲ್ಲುವುದು ಸಂದುಗಳಲ್ಲಿ ಮಾತ್ರ. ನೂರು ಪಾಲು ಬಂಡೆಯಲ್ಲಿ ಬಿಟ್ಟುಕೊಡಬಲ್ಲ ನೀರು ಎರಡೇ ಪಾಲು ಅಂತಾದರೆ, 50 ಮಿ.ಮೀ. ಕೊರತೆಗೆ ಬಾವಿಯ ಮಟ್ಟ ಎರಡೂವರೆ ಮೀಟರ್ ಕುಸಿಯುತ್ತದೆ. ಅದೇ ಕೊರತೆ ನೂರಕ್ಕೆ 20 ಪಾಲು ಬಿಟ್ಟುಕೊಡುವ ಮರಳು ಪದರದಲ್ಲಾದರೆ ಕುಸಿತ 25 ಸೆಂಟಿಮೀಟರ್. ಒಂದೇ ಪ್ರಮಾಣದ ನೀರು, ಆದರೆ ಬಾವಿಗಳು ತೋರಿಸುವುದು ಎಷ್ಟು ಬೇರೆ ಅಲ್ವಾ? "ನೀರಿನ ಮಟ್ಟ ಇಷ್ಟು ಮೀಟರ್ ಏರಿತು" ಅಂತ ಹೆಮ್ಮೆಯಿಂದ ಬರೆದ ವರದಿ ಓದುವಾಗ, ಕೆಳಗಿರುವುದು ಯಾವ ಕಲ್ಲು ಅಂತ ಮೊದಲು ನೋಡಿ.

2. ಎತ್ತಿದ ನೀರು ಬೇರೆ, ಮುಗಿದ ನೀರು ಬೇರೆ

ಈ ಇಡೀ ಕ್ಷೇತ್ರದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಜಗತ್ತಿನಲ್ಲಿ ಮನುಷ್ಯರು ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇ. 70 ಕೃಷಿಗೆ ಹೋಗುತ್ತದೆ. ಆದರೆ ಎತ್ತಿದ್ದೆಲ್ಲ ಮುಗಿದು ಹೋಗುವುದಿಲ್ಲ. ಗದ್ದೆಗೆ 100 ಪಾಲು ನೀರು ಬಿಟ್ಟಿರಿ ಅಂತಿಟ್ಟುಕೊಳ್ಳಿ. 60 ಪಾಲು ಆವಿಯಾಯಿತು. ಉಳಿದ 40 ಇಂಗಿತು, ಬಸಿದು ಕೆಳಗಿನ ಹಳ್ಳ ಸೇರಿತು. ಅದನ್ನು ಕೆಳಗಿನ ರೈತ ಎತ್ತಿಕೊಂಡ, ಅಥವಾ ಅದು ಪಕ್ಕದ ಬಾವಿಗೆ ಬಂತು. ನಿಮ್ಮ ಹೊಲದ ಲೆಕ್ಕದಲ್ಲಿ ಆ 40 ಪಾಲು "ಪೋಲು". ಇಡೀ ಜಲಾನಯನದ ಲೆಕ್ಕದಲ್ಲಿ ಅದು ಬೇರೆಯವರ ನೀರು.

ಈಗ ಹನಿ ನೀರಾವರಿ ಹಾಕಿಸಿದಿರಿ. ಎತ್ತುವುದು 70 ಪಾಲಿಗೆ ಇಳಿಯಿತು. ಬೆಳೆ 60 ಪಾಲು ಕುಡಿಯಿತು, ಬಸಿದದ್ದು 10. "30 ಪಾಲು ಉಳಿಯಿತು" ಅಂತ ವರದಿ ಬರುತ್ತದೆ. ಆದರೆ ಕೆಳಗಿನವರಿಗೆ ಮೊದಲು 40 ಸಿಗುತ್ತಿದ್ದದ್ದು ಈಗ 10 ಮಾತ್ರ. ಮೇಲಿನವರು ಉಳಿದ 30 ಪಾಲನ್ನು ಮುಟ್ಟದೆ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಆ 30ರಲ್ಲಿ ಇನ್ನೊಂದಿಷ್ಟು ಜಮೀನಿಗೆ ನೀರು ಹಾಯಿಸಿದರೆ? ಆವಿಯಾಗುವುದು 60ರಿಂದ 85ರ ಹತ್ತಿರಕ್ಕೆ ಏರುತ್ತದೆ. ಪೈಪು ಹೊಸದು, ಹೊಲ ಹಸಿರು, ಕೆಳಗಿನ ಹಳ್ಳ ಮಾತ್ರ ಒಣ.

ಸಂಶೋಧಕರು ಇದನ್ನು ನೀರಾವರಿ ದಕ್ಷತೆಯ ವಿರೋಧಾಭಾಸ ಅನ್ನುತ್ತಾರೆ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದರ ಬಗ್ಗೆ ಬಂದ ಲೇಖನದ ನಂತರ ಚರ್ಚೆ ಜೋರಾಯಿತು. ಯೋಚನೆ ಹಳೆಯದೇ. ಕಲ್ಲಿದ್ದಲನ್ನು ದಕ್ಷವಾಗಿ ಉರಿಸುವ ಯಂತ್ರಗಳು ಬಂದ ಮೇಲೆ ಕಲ್ಲಿದ್ದಲಿನ ಬಳಕೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ ಅಂತ ವಿಲಿಯಂ ಸ್ಟಾನ್ಲಿ ಜೆವನ್ಸ್ 1865ರಲ್ಲೇ ಬರೆದಿದ್ದರು.

ಹನಿ ನೀರಾವರಿ ಬೇಡ ಅಂತ ನಾನು ಹೇಳುತ್ತಿಲ್ಲ. ಅದರಿಂದ ಇಳುವರಿ ಹೆಚ್ಚುತ್ತದೆ, ಪಂಪಿನ ವಿದ್ಯುತ್ ಉಳಿಯುತ್ತದೆ, ಗೊಬ್ಬರ ಬಸಿದು ಹೋಗುವುದು ತಪ್ಪುತ್ತದೆ. ಬಸಿದ ನೀರು ಉಪ್ಪು ಪದರಕ್ಕೋ ಸಮುದ್ರಕ್ಕೋ ಸೇರುವ ಕಡೆ ನೀರೂ ನಿಜವಾಗಿ ಉಳಿಯುತ್ತದೆ. ಆದರೆ ಜಲಾನಯನಕ್ಕೆ ನೀರು ಉಳಿಯಬೇಕಾದರೆ ಎತ್ತುವುದಕ್ಕೂ, ನೀರಾವರಿ ಜಮೀನಿಗೂ ಒಂದು ಮಿತಿ ಜೊತೆಗಿರಬೇಕು. ಇದರ ಬಗ್ಗೆ ಬರೆದ ಪೇಪರ್ ಓದುವಾಗ "ಉಳಿತಾಯ" ಅನ್ನುವ ಪದದ ಅಡಿಯಲ್ಲಿ ಗೆರೆ ಎಳೆಯಿರಿ. ಕಡಿಮೆಯಾಗಿದ್ದು ಪಂಪಿನ ನೀರೋ, ಆವಿಯಾಗುವ ನೀರೋ?

ಇನ್ನೊಂದು ಜೋಡಿ ಪದ ಗೊತ್ತಿರಲಿ. ನದಿ, ಕೆರೆ, ಅಂತರ್ಜಲದ ನೀರು "ನೀಲಿ ನೀರು". ಮಳೆ ಬಿದ್ದು ಮಣ್ಣಿನಲ್ಲಿ ನಿಂತು ಗಿಡಕ್ಕೆ ಸಿಗುವುದು "ಹಸಿರು ನೀರು". ಈ ವಿಂಗಡಣೆ ಕೊಟ್ಟವರು ಸ್ವೀಡನ್ನಿನ ಮಾಲಿನ್ ಫಾಲ್ಕೆನ್‌ಮಾರ್ಕ್. ಅಣೆಕಟ್ಟು, ಕಾಲುವೆ, ಪಂಪು ಎಲ್ಲವೂ ನೀಲಿ ನೀರಿನ ಸುತ್ತಲೇ ಇವೆ. ಮಳೆ ನಂಬಿದ ಬೇಸಾಯ ನಿಂತಿರುವುದು ಹಸಿರು ನೀರಿನ ಮೇಲೆ, ಅದರ ಮೇಲೆ ಕೆಲಸ ಇನ್ನೂ ಎಷ್ಟೋ ಆಗಬೇಕಿದೆ.

3. ಹೊಸ ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಿ

ಮೊದಲು ಆಕಾಶದಿಂದ ಅಳೆಯುವುದು. 2002ರಲ್ಲಿ ಗ್ರೇಸ್ ಅನ್ನುವ ಅವಳಿ ಉಪಗ್ರಹಗಳು ಹಾರಿದವು. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿಲೋಮೀಟರ್ ಅಂತರ. ಕೆಳಗೆ ದ್ರವ್ಯರಾಶಿ ಜಾಸ್ತಿ ಇದ್ದರೆ ಮುಂದಿನ ಉಪಗ್ರಹವನ್ನು ಗುರುತ್ವ ಸ್ವಲ್ಪ ಮುಂಚೆ ಎಳೆಯುತ್ತದೆ, ನಡುವಿನ ಅಂತರ ಕೂದಲೆಳೆಗಿಂತ ಸಣ್ಣ ಪ್ರಮಾಣದಲ್ಲಿ ಬದಲಾಗುತ್ತದೆ. ಆ ಬದಲಾವಣೆಯನ್ನು ತಿಂಗಳು ತಿಂಗಳು ಹೋಲಿಸಿದರೆ ಎಲ್ಲಿ ನೀರು ಕೂಡಿತು, ಎಲ್ಲಿ ಕಳೆಯಿತು ಅಂತ ಗೊತ್ತಾಗುತ್ತದೆ. ನೀರನ್ನು ನೋಡದೆ ಅದರ ತೂಕ ಹಿಡಿಯುವ ಈ ಉಪಾಯ ನನಗೆ ಇಂದಿಗೂ ಅಚ್ಚರಿ.

ಇದೇ ಡೇಟಾದಿಂದ 2009ರಲ್ಲಿ ಬಂದ ಒಂದು ಅಧ್ಯಯನ, ವಾಯವ್ಯ ಭಾರತದಲ್ಲಿ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದಿದೆ ಅಂತ ಅಂದಾಜು ಮಾಡಿತು. ಆ ವರ್ಷಗಳಲ್ಲಿ ಮಳೆ ಹೆಚ್ಚುಕಡಿಮೆ ಮಾಮೂಲಾಗೇ ಇತ್ತು. ಹಾಗಾಗಿ ಕಾರಣ ಬರ ಅಲ್ಲ, ನೀರೆತ್ತುವಿಕೆ ಅಂತ ಅಧ್ಯಯನ ಬೊಟ್ಟು ಮಾಡಿತು. ಗ್ರೇಸ್ 2017ರಲ್ಲಿ ನಿಂತಿತು, ಅದರ ಮುಂದುವರಿಕೆ 2018ರಿಂದ ಹಾರುತ್ತಿದೆ.

ಇದರ ಮಿತಿಯೂ ತಿಳಿದಿರಲಿ. ಗ್ರೇಸ್ ಕಣ್ಣಿಗೆ ಕಾಣುವುದು ನೂರಾರು ಕಿಲೋಮೀಟರ್ ಅಗಲದ ಪ್ರದೇಶ. ಒಂದು ಊರಿನ ಅಂತರ್ಜಲದ ಬಗ್ಗೆ ಅದು ಏನೂ ಹೇಳಲಾರದು. ಮಣ್ಣಿನ ತೇವ, ಕೆರೆ, ಹಿಮ, ಅಂತರ್ಜಲ ಎಲ್ಲದರ ಒಟ್ಟು ಮೊತ್ತ ಕೊಡುತ್ತದೆ. ಉಳಿದದ್ದನ್ನು ಮಾಡೆಲ್‌ಗಳಿಂದ ಕಳೆದು ಅಂತರ್ಜಲ ಎಷ್ಟು ಅಂತ ಹೇಳಬೇಕು. ಕಳೆಯುವ ಲೆಕ್ಕ ತಪ್ಪಿದರೆ ಉತ್ತರವೂ ತಪ್ಪುತ್ತದೆ.

ಹೊಲದ ಮಟ್ಟಕ್ಕೆ ಬೇರೆ ದಾರಿ ಇದೆ. ಬೆವರು ಆರಿದಾಗ ಮೈ ತಂಪಾಗುವ ಹಾಗೆ, ನೀರು ಆವಿಯಾಗುವ ಹೊಲ ಪಕ್ಕದ ಒಣ ಹೊಲಕ್ಕಿಂತ ತಂಪಾಗಿರುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ಈ ಶಾಖವನ್ನು ಅಳೆಯುತ್ತವೆ. ಅದರಿಂದ ಎಷ್ಟು ನೀರು ಆವಿಯಾಯಿತು ಅಂತ ಅಂದಾಜು ಮಾಡಬಹುದು. ಹಿಂದಿನ ಹಂತದ ಪ್ರಶ್ನೆಗೆ, ಅಂದರೆ "ಮುಗಿದ ನೀರು ಎಷ್ಟು" ಅನ್ನುವುದಕ್ಕೆ, ನೇರವಾಗಿ ಉತ್ತರಿಸುವ ಸಾಧನ ಇದು. ನನ್ನ ಪ್ರಕಾರ ಈಗಿನ ಬೆಳವಣಿಗೆಗಳಲ್ಲಿ ಅತಿ ಮುಖ್ಯವಾದದ್ದು. ಇನ್ನು 2022ರ ಡಿಸೆಂಬರ್‌ನಲ್ಲಿ ಹಾರಿದ ಸ್ವಾಟ್ ಉಪಗ್ರಹ ನದಿ, ಕೆರೆಗಳ ನೀರಿನ ಮಟ್ಟವನ್ನೇ ಅಳೆಯುತ್ತದೆ.

ಎರಡನೆಯದು ಮಷೀನ್ ಲರ್ನಿಂಗ್, ಅಂದರೆ ಹಳೆಯ ದಾಖಲೆಗಳಿಂದ ಕಂಪ್ಯೂಟರ್ ತಾನೇ ಕಲಿಯುವುದು. ಮಳೆ, ತಾಪಮಾನದ ದಾಖಲೆ ಕೊಟ್ಟರೆ ನದಿಯ ಹರಿವನ್ನು ಊಹಿಸುವ ಮಾಡೆಲ್‌ಗಳು 2018ರ ನಂತರ ಬಹಳ ಮುಂದೆ ಹೋಗಿವೆ. ಮಾಪಕವೇ ಇಲ್ಲದ ನದಿಗಳಿಗೂ ಇವು ನೆರವಾಗುತ್ತಿವೆ. ಆದರೆ ಹಿಂದೆಂದೂ ಕಾಣದಂಥ ಮಳೆ ಬಂದಾಗ ಮಾಡೆಲ್ ಏನು ಹೇಳುತ್ತದೆ ಅನ್ನುವುದು ಕಷ್ಟದ ಪ್ರಶ್ನೆ. ಹಿಂದಿನ ಐವತ್ತು ವರ್ಷದ ಹಾಗೆಯೇ ಮುಂದಿನ ಐವತ್ತು ವರ್ಷ ಇರುತ್ತದೆ ಅನ್ನುವ ನಂಬಿಕೆ ಇನ್ನು ನಡೆಯದು ಅಂತ ಜಲವಿಜ್ಞಾನಿಗಳು 2008ರಲ್ಲೇ ಬರೆದಿದ್ದಾರೆ.

ಮೂರನೆಯದು ಮರುಬಳಕೆ. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದಲೇ ಕೊಳಚೆ ನೀರನ್ನು ಶುದ್ಧ ಮಾಡಿ ಕುಡಿಯುವ ನೀರಿಗೆ ಸೇರಿಸುತ್ತಿದೆ. ಸಿಂಗಾಪುರ 2003ರಲ್ಲಿ ನ್ಯೂವಾಟರ್ ಅನ್ನುವ ಮರುಬಳಕೆ ಯೋಜನೆ ಶುರು ಮಾಡಿತು. ತಂತ್ರದ ಕಡೆಯಿಂದ ಅನುಮಾನ ಬೇಡ. ಇಲ್ಲೂ ನಮ್ಮ ಪ್ರಶ್ನೆ ಕೇಳಿ. ಕರಾವಳಿ ನಗರದ ಕೊಳಚೆ ನೀರು ಮೊದಲು ಸಮುದ್ರ ಸೇರುತ್ತಿದ್ದರೆ, ಮರುಬಳಕೆಯಿಂದ ಬರುವುದು ನಿಜವಾಗಿ ಹೊಸ ನೀರು. ಒಳನಾಡಿನ ನಗರದ ನೀರು ನದಿಗೆ ಹೋಗಿ ಕೆಳಗಿನ ಊರಿಗೆ ಆಸರೆಯಾಗಿದ್ದರೆ? ಆಗ ನಗರಕ್ಕೆ ಸಿಕ್ಕಿದ್ದು ಆ ಊರಿಗೆ ತಪ್ಪಿದ್ದು. ಸಮುದ್ರದ ನೀರನ್ನು ಸಿಹಿ ಮಾಡುವುದರಲ್ಲಿ ಈ ಗೊಂದಲ ಇಲ್ಲ, ಆದರೆ ಸಾವಿರ ಲೀಟರ್‌ಗೆ ಸುಮಾರು 3ರಿಂದ 4 ಯೂನಿಟ್ ವಿದ್ಯುತ್ ಬೇಕು, ಉಳಿಯುವ ಗಟ್ಟಿ ಉಪ್ಪುನೀರನ್ನು ಏನು ಮಾಡುವುದು ಅಂತಲೂ ಯೋಚಿಸಬೇಕು.

ನಾಲ್ಕನೆಯದು ನಿಸರ್ಗವನ್ನೇ ನಂಬಿದ ಪರಿಹಾರಗಳು. ಜೌಗು ಉಳಿಸುವುದು, ಇಂಗುಗುಂಡಿ, ಒಡ್ಡು, ಮರ ನೆಡುವುದು. ಮರದ ವಿಷಯ ಹೇಳಲೇಬೇಕು, ಯಾಕೆಂದರೆ "ಕಾಡು ಬೆಳೆಸಿದರೆ ನೀರು ಹೆಚ್ಚುತ್ತದೆ" ಅನ್ನುವುದು ಎಲ್ಲರ ಬಾಯಲ್ಲೂ ಇದೆ. 94 ಜಲಾನಯನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 1982ರ ವಿಮರ್ಶೆ ಬೇರೆಯೇ ಹೇಳಿತು. ಮರಗಳು ಹೆಚ್ಚಾದ ಕಡೆ ಹಳ್ಳದ ವಾರ್ಷಿಕ ಹರಿವು ಕಡಿಮೆಯಾಗುತ್ತದೆ, ಕಡಿದ ಕಡೆ ಹೆಚ್ಚುತ್ತದೆ. ಮರ ನೀರು ಕುಡಿಯುತ್ತದೆ, ಆವಿ ಮಾಡುತ್ತದೆ. ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಬುರ್ಕಿನಾ ಫಾಸೊದಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಣ ಉಷ್ಣವಲಯದಲ್ಲಿ ಮರ ತೀರಾ ಕಡಿಮೆಯೂ ಅಲ್ಲ, ದಟ್ಟವೂ ಅಲ್ಲದ ಮಧ್ಯಮ ಪ್ರಮಾಣದಲ್ಲಿದ್ದಾಗ ಅಂತರ್ಜಲಕ್ಕೆ ಅತಿ ಹೆಚ್ಚು ನೀರು ಇಂಗುತ್ತದೆ. ಬೇರು ಮಣ್ಣನ್ನು ಸಡಿಲ ಮಾಡಿ ಇಂಗಿಸುವ ಲಾಭ, ಎಲೆ ಆವಿ ಮಾಡುವ ನಷ್ಟ, ಎರಡರ ನಡುವೆ ಒಂದು ಸಮತೋಲ. ಎಷ್ಟು ಮರ, ಯಾವ ಮರ, ಯಾವ ಮಣ್ಣು ಅನ್ನುವುದು ಇನ್ನೂ ತೆರೆದ ಪ್ರಶ್ನೆ. ಹೊಸಬರು ಧೈರ್ಯವಾಗಿ ಕೈಹಾಕಬಹುದಾದ ಜಾಗ.

ಐದನೆಯದು ಮನುಷ್ಯರು. ಎಲಿನಾರ್ ಆಸ್ಟ್ರಮ್ 1965ರಲ್ಲಿ ಮುಗಿಸಿದ ಪಿಎಚ್‌ಡಿ ದಕ್ಷಿಣ ಕ್ಯಾಲಿಫೋರ್ನಿಯಾದ ಅಂತರ್ಜಲದ ಬಗ್ಗೆ. ಸಮುದ್ರದ ಉಪ್ಪುನೀರು ಒಳನುಗ್ಗುತ್ತಿದ್ದ ಕಡೆ, ನೀರೆತ್ತುವವರೇ ಸೇರಿ ಮಿತಿ ಹಾಕಿಕೊಂಡಿದ್ದನ್ನು ಅವರು ಹತ್ತಿರದಿಂದ ನೋಡಿದರು. ಜನ ತಾವೇ ನಿಯಮ ಮಾಡಿಕೊಂಡು ಎಲ್ಲರೂ ಹಂಚಿಕೊಳ್ಳುವ ಸಂಪತ್ತನ್ನು ಕಾಪಾಡಬಲ್ಲರು ಅನ್ನುವ ಅವರ ಜೀವಮಾನದ ಕೆಲಸಕ್ಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 2012ರಿಂದ ಈಚೆಗೆ ಸೋಷಿಯೋ-ಹೈಡ್ರಾಲಜಿ, ಅಂದರೆ ಜನ ಮತ್ತು ನೀರು ಒಂದನ್ನೊಂದು ಹೇಗೆ ಬದಲಿಸುತ್ತವೆ ಅಂತ ನೋಡುವ ಶಾಖೆಯೇ ಬೆಳೆದಿದೆ. ಪ್ರವಾಹ ತಡೆಯಲು ಏರಿ ಕಟ್ಟಿದರೆ ಜನ ಧೈರ್ಯದಿಂದ ನದಿಯ ಹತ್ತಿರ ಮನೆ ಕಟ್ಟುತ್ತಾರೆ, ಏರಿ ಒಡೆದ ದಿನ ನಷ್ಟ ಮೊದಲಿಗಿಂತ ದೊಡ್ಡದಾಗುತ್ತದೆ. ಇಂಥ ಸುತ್ತುಗಳನ್ನು ಅದು ಅಧ್ಯಯನ ಮಾಡುತ್ತದೆ.

4. ಹುಡುಕುವುದು

ಇದಕ್ಕೆ ಹೆಚ್ಚು ಮಾತು ಬೇಡ. ಗೂಗಲ್ ಸ್ಕಾಲರ್‌ನಲ್ಲಿ ಮೊದಲು ವಿಮರ್ಶಾ ಲೇಖನ ಹುಡುಕಿ, ಅಂದರೆ ಒಂದು ವಿಷಯದ ಹಲವು ಪೇಪರ್‌ಗಳನ್ನು ಒಟ್ಟಿಗೆ ನೋಡಿ ಬರೆದದ್ದು. ಒಂದು ಒಳ್ಳೆಯ ಪೇಪರ್ ಸಿಕ್ಕರೆ ಅದು ಉಲ್ಲೇಖಿಸಿದ ಹಳೆಯವನ್ನೂ, ಅದನ್ನು ಉಲ್ಲೇಖಿಸಿದ ಹೊಸವನ್ನೂ ನೋಡಿ. ಟೀಕೆ ಮಾಡಿದ ಪೇಪರ್ ಕಂಡರೆ ಬಿಡಬೇಡಿ, ಅದನ್ನೇ ಮೊದಲು ಓದಿ. 2019ರಲ್ಲಿ ಜಲವಿಜ್ಞಾನಿಗಳ ದೊಡ್ಡ ಗುಂಪೊಂದು ಸೇರಿ ಈ ಕ್ಷೇತ್ರದ 23 ಬಗೆಹರಿಯದ ಪ್ರಶ್ನೆಗಳನ್ನು ಪಟ್ಟಿ ಮಾಡಿದೆ. ವಿಷಯ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

5. ಪೇಪರ್ ಓದುವ ಕ್ರಮ

ಸಾರಾಂಶ ಓದಿ ನೇರವಾಗಿ ತೀರ್ಮಾನಕ್ಕೆ ಹಾರಬೇಡಿ. ನಕ್ಷೆ ನೋಡಿ, ಗಡಿ ಎಲ್ಲಿ ಹಾಕಿದ್ದಾರೆ? ಒಂದು ಹೊಲ, ಒಂದು ಕಾಲುವೆ, ಇಡೀ ಜಲಾನಯನ? ಗಡಿ ಬದಲಾದರೆ ಉತ್ತರ ಬದಲಾಗುತ್ತದೆ ಅಂತ ಈಗಾಗಲೇ ನೋಡಿದ್ದೀರಿ. ಆಮೇಲೆ ವರ್ಷಗಳು. ಕೆಲಸಕ್ಕೆ ಮುಂಚೆ ಎರಡು ಬರದ ವರ್ಷ, ಆಮೇಲೆ ಎರಡು ಒಳ್ಳೆಯ ಮಳೆಯ ವರ್ಷ ಇದ್ದರೆ ಬಾವಿ ತುಂಬಿದ್ದು ಇಂಗುಗುಂಡಿಯಿಂದ ಅಂತ ಹೇಳಲಾಗದು. ಕೆಲಸ ಆಗದ, ಅಂಥದ್ದೇ ಇನ್ನೊಂದು ಜಾಗದ ಜೊತೆ ಹೋಲಿಕೆ ಇದೆಯಾ ನೋಡಿ. ಇಲ್ಲದಿದ್ದರೆ ಎಚ್ಚರ.

ಹರಿವಿನ ಮಾಡೆಲ್‌ಗಳಲ್ಲಿ ನ್ಯಾಶ್-ಸಟ್‌ಕ್ಲಿಫ್ ಅನ್ನುವ ಅಂಕ ಕಾಣುತ್ತದೆ, 1970ರಿಂದ ಬಳಕೆಯಲ್ಲಿದೆ. 1 ಬಂದರೆ ಅಳತೆಗೆ ಪೂರ್ತಿ ಹೊಂದುತ್ತದೆ. 0 ಬಂದರೆ ಆ ಮಾಡೆಲ್ ಬದಲು ಸುಮ್ನೆ ಸರಾಸರಿ ಹರಿವನ್ನೇ ಬರೆದಿದ್ದರೂ ಅಷ್ಟೇ ಆಗುತ್ತಿತ್ತು ಅಂತ ಅರ್ಥ. ಆದರೆ ಈ ಅಂಕ ದೊಡ್ಡ ಪ್ರವಾಹಗಳ ಕಡೆ ವಾಲುತ್ತದೆ. 0.8 ಪಡೆದ ಮಾಡೆಲ್ ಬೇಸಿಗೆಯ ಸಣ್ಣ ಹರಿವಿನಲ್ಲಿ ಪೂರಾ ತಪ್ಪಿರಬಹುದು. ನಿಮಗೆ ಬೇಕಿರುವುದು ಬೇಸಿಗೆಯ ನೀರಿನ ಲೆಕ್ಕವಾದರೆ ಗ್ರಾಫಿನ ತಳಭಾಗ ನೋಡಿ.

6. ಒಂದು ಅಳತೆ ನೀವೇ ಮಾಡಿ

ಇದನ್ನು ಬಿಡಬೇಡಿ. ಒಂದು ಬಾವಿಯ ಮಟ್ಟವನ್ನು ಕೈಯಾರೆ ಅಳೆದವರು ಡೇಟಾವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಬೇಕಾದ್ದು ಉದ್ದದ ಸ್ಟೀಲ್ ಟೇಪು, ತುದಿಗೆ ಸಣ್ಣ ತೂಕ, ಒಂದು ಸೀಮೆಸುಣ್ಣ. ಬಾವಿಯ ಬಾಯಲ್ಲಿ ಒಂದು ಜಾಗಕ್ಕೆ ಬಣ್ಣದ ಗುರುತು ಹಾಕಿ. ಪ್ರತಿ ಸಲ ಅಲ್ಲಿಂದಲೇ ಅಳೆಯಬೇಕು. ಟೇಪಿನ ಕೊನೆಯ ಒಂದು ಮೀಟರ್‌ಗೆ ಸೀಮೆಸುಣ್ಣ ಉಜ್ಜಿ. ನಿಧಾನವಾಗಿ ಇಳಿಬಿಡಿ. ಸುಣ್ಣದ ಭಾಗ ನೀರಿಗೆ ಮುಟ್ಟಿದ ಮೇಲೆ ಟೇಪಿನ ಒಂದು ಪೂರ್ಣ ಅಂಕಿಯನ್ನು ಗುರುತಿನ ನೇರಕ್ಕೆ ಹಿಡಿಯಿರಿ, 18 ಮೀಟರ್ ಅಂತಿಟ್ಟುಕೊಳ್ಳಿ. ಮೇಲೆಳೆದು ನೋಡಿದರೆ ಸುಣ್ಣ ಒದ್ದೆಯಾದ ಕಡೆ ಬಣ್ಣ ಗಾಢವಾಗಿ ಒಂದು ಗೆರೆ ಕಾಣುತ್ತದೆ. ಅದು 0.64ರಲ್ಲಿದ್ದರೆ ನೀರಿನ ಆಳ 17.36 ಮೀಟರ್. ಒರೆಸಿ, ಮತ್ತೆ ಸುಣ್ಣ ಉಜ್ಜಿ ಇನ್ನೊಮ್ಮೆ ಅಳೆಯಿರಿ. ಎರಡರ ನಡುವೆ ಒಂದೆರಡು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೇ ಸಲ.

ಬೆಳಗ್ಗೆ ಪಂಪು ಹಾಕುವ ಮುಂಚೆ ಅಳೆಯುವುದು ಒಳ್ಳೆಯದು. ಪಂಪು ಓಡುತ್ತಿತ್ತಾ, ಪಕ್ಕದ ಬಾವಿಯಲ್ಲಿ ಓಡುತ್ತಿತ್ತಾ, ಹಿಂದಿನ ದಿನ ಮಳೆ ಬಂತಾ ಅಂತ ಅಲ್ಲೇ ಬರೆದುಕೊಳ್ಳಿ. ಬಾವಿಯ ಕಟ್ಟೆಯ ಎತ್ತರ ಕಳೆಯುವುದನ್ನು ಮರೆಯಬೇಡಿ. ತೆರೆದ ಬಾವಿಗೆ ಒಬ್ಬರೇ ಹೋಗಬೇಡಿ. ಮಳೆಗಾಲಕ್ಕೆ ಮುಂಚೆ ಒಂದು, ಮುಗಿದ ಮೇಲೆ ಒಂದು ಅಳತೆ ಬೇಕೇ ಬೇಕು. ತಿಂಗಳಿಗೊಂದು ಸಿಕ್ಕರೆ ಇನ್ನೂ ಚೆನ್ನ.

7. ಪ್ರಶ್ನೆಯನ್ನು ಸಣ್ಣದು ಮಾಡಿ

"ಹವಾಮಾನ ಬದಲಾವಣೆ ಮತ್ತು ನೀರಿನ ನಿರ್ವಹಣೆ" ಅನ್ನುವುದು ಪ್ರಶ್ನೆಯಲ್ಲ, ತಲೆಬರಹ. "ಇಂಗುಗುಂಡಿಗಳು ಉಪಯುಕ್ತವೇ" ಅನ್ನುವುದು ಸ್ವಲ್ಪ ವಾಸಿ. "ಈ ಎರಡು ಹಳ್ಳಗಳ ಪೈಕಿ ಇಂಗುಗುಂಡಿ ಇರುವ ಹಳ್ಳದ ಆರು ಬಾವಿಗಳಲ್ಲಿ, ಒಂದೇ ಮಳೆಗಾಲದಲ್ಲಿ ಮಟ್ಟ ಏರಿದ್ದು ಇಲ್ಲದ ಹಳ್ಳದ ಆರು ಬಾವಿಗಳಿಗಿಂತ ಜಾಸ್ತಿಯೇ? ಅದೇ ಹೊತ್ತಿಗೆ ಕೆಳಗಿನ ಹರಿವು ಕಡಿಮೆಯಾಯಿತೇ?" ಇದು ಪ್ರಶ್ನೆ. ಗಡಿ ಇದೆ, ಕಾಲ ಇದೆ, ಹೋಲಿಕೆ ಇದೆ, ಕೆಳಗಿನವರ ಲೆಕ್ಕವೂ ಇದೆ. ಹನ್ನೆರಡು ಬಾವಿ, ಒಂದು ಟೇಪು, ಒಂದು ಮಳೆಮಾಪಕ, ಹರಿವು ಅಳೆಯಲು ಎರಡು ಜಾಗ ಸಾಕು. ಎರಡೂ ಕಡೆ ಕಲ್ಲು-ಮಣ್ಣು ಒಂದೇ ತೆರನಾಗಿದೆಯಾ ಅಂತ ಮಾತ್ರ ಮೊದಲೇ ಖಾತ್ರಿ ಮಾಡಿಕೊಳ್ಳಿ, ಮತ್ತು ಗುಂಡಿ ತೋಡುವ ಮುಂಚಿನ ಒಂದು ವರ್ಷದ ಅಳತೆ ಎಲ್ಲಾದರೂ ಸಿಗುತ್ತದಾ ಅಂತ ವಿಚಾರಿಸಿ. ಸಿಗದಿದ್ದರೆ, ಇನ್ನೂ ಗುಂಡಿ ತೋಡದ ಹಳ್ಳ ಆರಿಸಿಕೊಂಡು ಈ ವರ್ಷದಿಂದಲೇ ಅಳೆಯಲು ಶುರು ಮಾಡಿ.